ಸೀನುವ ಮೊದಲು

ಒಡವೆ ನೋಡಿ, ಸೀರೆ ನೋಡಿ ಹೊಟ್ಟೆಕಿಚ್ಚು ಪಡುವ ಹೆಂಗಸರನ್ನು ಬೇಕಾದಷ್ಟು ಕಂಡಿದ್ದೇನೆ. ನನಗೆ ಹೊಟ್ಟೆಕಿಚ್ಚು ಬರಿಸಿದ್ದು ನನ್ನ ವಾರಗಿತ್ತಿಯ ಸೀನು. ನಗುವವರು ನಗಲಿ. ಅವಳು ನನ್ನ ಗಂಡನ ತಮ್ಮನ ಹೆಂಡತಿ, ವಯಸ್ಸಿನಲ್ಲಿ ನನಗಿಂತ ನಾಲ್ಕಾರು ವರ್ಷಕ್ಕೆ ಚಿಕ್ಕವಳು. ಬೆಟ್ಟದಪುರದ ಬೆಟ್ಟ ಎದುರಿಗೇ ಕಾಣುವ ಊರು ನಮ್ಮದು. ಮನೆ ಭಾಗವಾಗಿ ನಡುವೆ ಗೋಡೆ ಎದ್ದು ಎಷ್ಟೋ ಕಾಲವಾಯಿತು. ಆದರೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮಾತ್ರ ಇವತ್ತಿಗೂ ಎರಡು ಮನೆಗೂ ಸೇರಿ ಒಂದೇ.

ಹೊಗೆಸೊಪ್ಪಿನ ಮನೆಯಲ್ಲಿ ಸೀನು ಅಂದರೆ ಉಸಿರಾಟದಷ್ಟೇ ಮಾಮೂಲು. ಬೆಂದು ಒಣಗಿದ ಸೊಪ್ಪನ್ನು ಮನೆಯೊಳಗೆ ಗುಡ್ಡೆ ಹಾಕಿಕೊಂಡು, ಬಣ್ಣ ನೋಡಿ ಬೇರೆ ಬೇರೆ ಮಾಡುವುದಕ್ಕೆ ನಾವು ಗ್ರೇಡಿಂಗ್ ಅನ್ನುತ್ತೇವೆ. ಅದು ಹೆಂಗಸರ ಕೆಲಸ. ಸೊಪ್ಪು ಮುಟ್ಟಿದರೆ ಸಾಕು, ಅದರ ಘಾಟು ಮೂಗಿಗೆ ಏರುತ್ತದೆ. ಕೆಲಸಕ್ಕೆ ಕೆಲಸ ಎಂದು ಮುಯ್ಯಾಳಾಗಿ ಬಂದ ಅಕ್ಕಪಕ್ಕದ ಹೆಂಗಸರೆಲ್ಲ ಸೀನುತ್ತಾರೆ, ಮೂಗು ಒರೆಸಿಕೊಳ್ಳುತ್ತಾರೆ, ಮಾತು ಮುಂದುವರಿಸುತ್ತಾರೆ. ನನ್ನ ವಾರಗಿತ್ತಿ ಸೀನಿದರೆ ಬೀದಿಯ ನಾಯಿ ಎದ್ದು ಕೂರುತ್ತಿತ್ತು. ತಲೆ ಮೇಲೆ ಹೊರೆ ಇರಲಿ, ಸೊಂಟದಲ್ಲಿ ಬಿಂದಿಗೆ ಇರಲಿ, ನಿಂತ ನಿಲುವಿನಲ್ಲೇ ಮೈ ಬಿಟ್ಟು ಒಂದು ಸೀನು ಸೀನಿ, ಏನೂ ಆಗದವಳಂತೆ ನಡೆದುಬಿಡುತ್ತಿದ್ದಳು.

ನಾನು ಸೀನಿದರೆ ಲಂಗ ಒದ್ದೆಯಾಗುತ್ತಿತ್ತು.

ಇದನ್ನು ಬರೆಯಲು ಈಗಲೂ ಕೈ ಹಿಂದೆಗೆಯುತ್ತದೆ, ಆದರೂ ಬರೆದೆ. ಸೀನಿದರೆ, ಕೆಮ್ಮಿದರೆ, ಜೋರಾಗಿ ನಕ್ಕರೆ, ಭಾರ ಎತ್ತಿದರೆ ಅಷ್ಟು ಉಚ್ಚೆ ಜಾರಿಬಿಡುವುದು. ಮಗಳು ಹುಟ್ಟಿದ ಮೇಲೆ ಶುರುವಾದದ್ದು. ಹೆರಿಗೆ ಕಷ್ಟದ್ದಾಗಿತ್ತು, ಮಗು ದಪ್ಪ. ಬಾಣಂತನ ಮುಗಿಯುವ ಮೊದಲೇ ಬ್ಯಾರನ್ ತುಂಬಿಸುವ ಕಾಲ ಬಂತು. ಹಸಿ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಮೇಲೆ ಹತ್ತಿ ನಿಂತ ಗಂಡಸರಿಗೆ ಎತ್ತಿ ಎತ್ತಿ ಕೊಟ್ಟೆ. ಆಗ ಕೆಳಗೆ ಏನೋ ಸಡಿಲವಾಯಿತು, ಆಮೇಲೆ ಬಿಗಿಯಾಗಲೇ ಇಲ್ಲ. ನನ್ನದು ಒಂದೇ ಹೆರಿಗೆ. ವಾರಗಿತ್ತಿಗೆ ಮೂರು, ಮೂರೂ ಗಂಡು. ಅವಳ ತವರು ವೀರನಹೊಸಹಳ್ಳಿ ಕಡೆ. ಕಾಡಂಚಿನಲ್ಲಿ ಸೌದೆ ಹೊತ್ತು ಬೆಳೆದ ಮೈ ಎಂದು ನಮ್ಮ ಅತ್ತೆ ಬದುಕಿರುವವರೆಗೂ ಹೊಗಳುತ್ತಿದ್ದರು. ಒಂದು ಹೆತ್ತ ನಾನು ಸೋರುವುದು, ಮೂರು ಹೆತ್ತ ಅವಳು ಕಲ್ಲುಗುಂಡಿನಂತೆ ಓಡಾಡುವುದು. ದೇವರು ಯಾವ ಲೆಕ್ಕದಲ್ಲಿ ಹಂಚಿದನೋ ಎಂದು ಹಲ್ಲು ಕಚ್ಚುತ್ತಿದ್ದೆ.

ಯಾರಿಗೂ ಹೇಳಲಿಲ್ಲ. ಗಂಡನಿಗೂ ಇಲ್ಲ. ಬಟ್ಟೆ ಮಡಿಸಿಟ್ಟುಕೊಳ್ಳುವುದನ್ನು ಕಲಿತೆ, ಗಾಢ ಬಣ್ಣದ ಸೀರೆ ಉಡುವುದನ್ನು ಕಲಿತೆ. ಹುಣಸೂರಿನ ಬಸ್ಸು ಹತ್ತುವ ದಿನ ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ಗ್ರೇಡಿಂಗಿಗೆ ಕೂತರೆ ಹಿಂದಿನ ಬಾಗಿಲ ಪಕ್ಕದ ಜಾಗವೇ ಬೇಕು. ಮೂಗು ತುರಿಸಿದ ಕೂಡಲೇ ತೊಡೆ ಎರಡನ್ನೂ ಒತ್ತಿ ಹಿಡಿದು ಮುಂದಕ್ಕೆ ಬಗ್ಗುತ್ತಿದ್ದೆ. ತಡೆಯದಿದ್ದರೆ 'ಕೋಳಿ ನೋಡ್ಕೊಂಡ್ ಬತ್ತೀನಿ' ಎಂದು ಎದ್ದು ಹಿತ್ತಿಲಿಗೆ ಹೋಗುತ್ತಿದ್ದೆ. ನಮ್ಮ ಮನೆ ಕೋಳಿಗಳಷ್ಟು ಕಾಳಜಿ ಕಂಡ ಕೋಳಿಗಳು ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ ಇರಲಿಲ್ಲ. ಮೈ ಶುದ್ಧವಿಲ್ಲ ಅನ್ನಿಸಿ ದೇವರ ಮನೆಗೆ ಹೋಗುವುದೂ ಕಡಿಮೆಯಾಯಿತು. ಹಬ್ಬ ಬಂದರೆ ನಮ್ಮ ಮನೆಯ ದೀಪವನ್ನೂ ವಾರಗಿತ್ತಿಯೇ ಬಂದು ಹಚ್ಚುವಳು. ಅದಕ್ಕೂ ನನಗೆ ಉರಿ.

ಹೀಗೇ ಇಡೀ ಜೀವಮಾನ ಕಳೆದುಬಿಡುತ್ತಿದ್ದೆನೋ ಏನೋ. ಆದರೆ ಮಗಳು ಬಸುರಿಯಾದಳು.

ಮಗಳನ್ನು ಕೊಟ್ಟಿರುವುದು ಕೆ.ಆರ್. ನಗರದ ಕಡೆ, ಚುಂಚನಕಟ್ಟೆ ಹತ್ತಿರದ ಗದ್ದೆ ಊರಿಗೆ. ಅಲ್ಲಿ ಸೀಮಂತಕ್ಕೆ ನಾವೆಲ್ಲ ಹೋದೆವು. ಬಳೆ ತೊಡಿಸಿ, ಮಡಿಲು ತುಂಬಿ, ಹೆಂಗಸರೆಲ್ಲ ನಡುಮನೆಯಲ್ಲಿ ಕೂತಿದ್ದಾಗ ವಾರಗಿತ್ತಿ ತನ್ನ ಮೊದಲ ಬಸುರಿನ ಬಯಕೆಯ ಕತೆ ತೆಗೆದಳು. ಅತ್ತೆಗೆ ಕಾಣದ ಹಾಗೆ ಒಣಮೀನು ಸುಟ್ಟು ತಿಂದು, ವಾಸನೆ ಬಂದಾಗ ಬೆಕ್ಕಿನ ಮೇಲೆ ಹಾಕಿದ ಕತೆ. ಹೇಳುವ ಕಲೆಯೂ ಅವಳಿಗೇ ಒಲಿದಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಕ್ಕ ಮೇಲೆ ಕೂತಲ್ಲಿಂದ ಏಳಲಾಗಲಿಲ್ಲ. ಊಟಕ್ಕೆ ಕರೆದರು, ಬೀಗತಿ ಬಂದು ಕೈ ಹಿಡಿದು ಎಬ್ಬಿಸಲು ನೋಡಿದರು, ನಾನು 'ಸೊಂಟ ಇಡ್ಕಂಬುಟ್ಟದೆ' ಎಂದು ಸುಳ್ಳು ಹೇಳಿದೆ. ಕೊನೆಗೆ ಗೋಡೆಗೆ ಬೆನ್ನು ತಾಗಿಸಿಕೊಂಡು ಏಡಿಯ ಹಾಗೆ ಅಡ್ಡಡ್ಡಲಾಗಿ ಬಚ್ಚಲಿಗೆ ನಡೆದೆ. ಯಾರೂ ನೋಡಲಿಲ್ಲ ಅಂದುಕೊಂಡಿದ್ದೆ. ಮಗಳು ನೋಡಿದ್ದಳು.

ಒಂದು ವಾರ ಕಳೆದ ಮೇಲೆ ಫೋನ್ ಮಾಡಿದಳು. ಅದೂ ಇದೂ ಮಾತಾಡಿ ಕೊನೆಗೆ ಮೆಲ್ಲಗೆ, "ಅಮ್ಮ, ಬಾಣಂತನಕ್ಕೆ ಬತ್ತೀನಲ್ಲ, ಮಗುಗೆ ನೀರುಯ್ಯೋದು ಚಿಕ್ಕಮ್ಮ ಮಾಡ್ಲಿ. ನಿಂಗ್ಯಾಕೆ ತೊಂದ್ರೆ. ನಾನು ಆಗ್ಲೇ ಕೇಳಿದ್ದೀನಿ, ಖುಷಿಯಾಗಿ ಊಂ ಅಂದ್ರು" ಅಂದಳು.

ನಮ್ಮಲ್ಲಿ ಎಳೆಗೂಸಿಗೆ ನೀರು ಹುಯ್ಯುವುದು ಸುಮ್ಮನೆ ಸ್ನಾನವಲ್ಲ. ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ ಕೂತು, ಮಗುವನ್ನು ಮೊಳಕಾಲಿನ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚಿ, ಕೈಕಾಲು ನೀವಿ, ಬಿಸಿ ನೋಡಿ ನೋಡಿ ನೀರು ಹುಯ್ಯಬೇಕು. ಅದನ್ನು ಮಾಡುವುದು ತಾಯಿಯ ತಾಯಿ. ನನಗೆ ನನ್ನವ್ವ ಮಾಡಿದ್ದಳು, ನನ್ನವ್ವನಿಗೆ ಅವಳ ಅವ್ವ. ನೀರು ಹುಯ್ದವಳ ಕೈ ಮಗು ಗುರುತು ಹಿಡಿಯುತ್ತದೆ ಅನ್ನುತ್ತಾರೆ. ನನ್ನ ಮೊಮ್ಮಗು ಗುರುತು ಹಿಡಿಯುವುದು ಅವಳ ಕೈಯನ್ನು. ಸೀನು ಅವಳದು, ನಗು ಅವಳದು, ನಮ್ಮ ಮನೆ ದೀಪವೂ ಅವಳದು, ಈಗ ಮೊಮ್ಮಗುವೂ ಅವಳ ಕಾಲ ಮೇಲೆ. ಫೋನ್ ಇಟ್ಟು ಅಡುಗೆಮನೆಗೆ ಹೋದವಳು ಮುದ್ದೆ ಕೋಲನ್ನು ಎಷ್ಟು ಜೋರಾಗಿ ತಿರುವಿದೆನೆಂದರೆ ಪಾತ್ರೆ ಒಲೆಯಿಂದ ಜಾರಿತು. ಆ ಹೊತ್ತಿಗೂ ಕೆಳಗೆ ಒದ್ದೆ.

ಮಾರನೆಯ ದಿನವೇ ಸೊಂಟನೋವು ಎಂದು ಹೇಳಿ ಹುಣಸೂರಿಗೆ ಹೋದೆ. ಡಾಕ್ಟರಮ್ಮನ ಮುಂದೆ ಬಾಯಿ ಬಿಡಲು ತುಂಬ ಹೊತ್ತು ಬೇಕಾಯಿತು. ಕೊನೆಗೆ ಹೇಳಿದ್ದೇ ತಡ ತಡೆಯಿಲ್ಲದೆ ಹೇಳಿಬಿಟ್ಟೆ. ನಮ್ಮೂರಲ್ಲಿ ಇಂಥದ್ದಕ್ಕೆಲ್ಲ ಗರ್ಭಕೋಶ ತೆಗೆಸಿಬಿಡು ಅನ್ನುವವರೇ ಹೆಚ್ಚು, ಅದಕ್ಕೇ ನಾನೇ ಮೊದಲು ಕೇಳಿದೆ. ಅವರು ಪರೀಕ್ಷೆ ಮಾಡಿ, ಉಚ್ಚೆ ಪರೀಕ್ಷೆಯನ್ನೂ ಮಾಡಿಸಿ, ಗರ್ಭಕೋಶ ಜಾರಿಲ್ಲ, ಸೋಂಕಿಲ್ಲ, ಸದ್ಯಕ್ಕೆ ಆಪರೇಷನ್ ಮಾತೇ ಬೇಡ ಎಂದು, ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿ ಹುಡುಗಿಯ ಹತ್ತಿರ ಕಳಿಸಿದರು.

ಆ ಹುಡುಗಿ ಎಚ್.ಡಿ. ಕೋಟೆ ಆಚೆಯ ಕೇರಳದವಳು. ಪುಸ್ತಕದ ಕನ್ನಡವನ್ನು ಒಂದೊಂದೇ ಪದ ಜೋಡಿಸಿ ಮಾತಾಡುವಳು. ಪರದೆ ಎಳೆದು, ಮಂಚದ ಮೇಲೆ ಮೊಣಕಾಲು ಮಡಚಿ ಮಲಗಿಸಿದಳು. ಸೊಂಟದ ಮೂಳೆಯ ತಳದಲ್ಲಿ, ಮುಂದಿನಿಂದ ಹಿಂದಕ್ಕೆ, ಮಂಚಕ್ಕೆ ನವಾರಿನ ಪಟ್ಟಿ ಬಿಗಿದ ಹಾಗೆ ಮಾಂಸದ ಪಟ್ಟಿ ಇರುತ್ತದಂತೆ. ಮೇಲಿರುವ ಉಚ್ಚೆ ಚೀಲ, ಗರ್ಭಕೋಶ ಎಲ್ಲವನ್ನೂ ಅದೇ ಹೊತ್ತಿರುವುದು. ನನ್ನ ನವಾರು ಸಡಿಲವಾಗಿದೆ. "ಗಾಳಿ ಹೊರಗೆ ಹೋಗದ ಹಾಗೆ, ಮೂತ್ರ ಬರದ ಹಾಗೆ ಎರಡನ್ನೂ ಒಟ್ಟಿಗೆ ಒಳಕ್ಕೆ, ಮೇಲಕ್ಕೆ ಎಳೆದುಕೊಳ್ಳಿ ಅಮ್ಮ. ಉಸಿರು ಕಟ್ಟಬೇಡಿ. ತೊಡೆ, ಹಿಂಭಾಗ, ಹೊಟ್ಟೆ ಎಲ್ಲ ಸುಮ್ಮನಿರಲಿ. ಮೆಲ್ಲಗೆ ನಾಲ್ಕೈದು ಎಣಿಸಿ, ಪೂರ್ತಿ ಬಿಡಿ. ಎಷ್ಟು ಹೊತ್ತು ಹಿಡಿದಿರೋ ಅಷ್ಟು ಹೊತ್ತು ಬಿಡಬೇಕು" ಅಂದಳು. ಕೆಲವು ಸಲ ಮಾಡಿ ದಣಿವಾದರೆ ನಿಲ್ಲಿಸಬೇಕು. ದಿನಕ್ಕೆ ಮೂರು ಹೊತ್ತು ಸಾಕು. ಉಚ್ಚೆ ಹೊಯ್ಯುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬಾರದು. ನೀರು ಕುಡಿಯುವುದನ್ನು ಬಿಡಬಾರದು. ಕಕ್ಕಸಿನಲ್ಲಿ ತಿಣುಕಬಾರದು. ನೋವಾದರೆ, ಭಾರ ಅನ್ನಿಸಿದರೆ ವಾಪಸ್ ಬರಬೇಕು. ಎಲ್ಲದಕ್ಕೂ ತಲೆಯಾಡಿಸಿದೆ.

ಎಷ್ಟು ದಿನಕ್ಕೆ ಸರಿಹೋಗುತ್ತದೆ ಎಂದು ಕೇಳಿದೆ. "ತಿಂಗಳುಗಳು ಬೇಕು ಅಮ್ಮ. ಅವಸರ ಮಾಡಬಾರದು" ಅಂದಳು. ಅವಸರ ಮಾಡಬಾರದಂತೆ. ಮಗಳಿಗೆ ಆಗಲೇ ಐದು ತಿಂಗಳು ತುಂಬಿತ್ತು.

ಊರಿಗೆ ಬಂದವಳು ಆ ಹುಡುಗಿ ಹೇಳಿದ್ದನ್ನೆಲ್ಲ ನನಗೆ ಬೇಕಾದ ಹಾಗೆ ತಿದ್ದಿಕೊಂಡೆ. ನಾವು ಗೇಯ್ಮೆ ಮಾಡುವ ಜನ. ಒಂದಾಳಿನ ಕೆಲಸ ಎರಡಾಳು ಮಾಡಿದರೆ ಬೇಗ ಮುಗಿಯುತ್ತದೆ, ಮೂರು ಹೊತ್ತಿನದು ಮೂವತ್ತು ಹೊತ್ತು ಮಾಡಿದರೆ ಬೇಗ ಬಿಗಿಯಾಗುತ್ತದೆ ಅಂದುಕೊಂಡೆ. ಜೊತೆಗೆ ಇನ್ನೊಂದು ಘನಂದಾರಿ ಕೆಲಸ ಮಾಡಿದೆ. ನಮ್ಮಲ್ಲಿ ಬಾಣಂತಿಗೆ ಹಳೇ ಹತ್ತಿ ಸೀರೆಯನ್ನು ಉದ್ದಕ್ಕೆ ಮಡಿಸಿ ಹೊಟ್ಟೆಯ ಸುತ್ತ ಬಿಗಿದು ಕಟ್ಟುತ್ತಾರೆ. ಹೆತ್ತ ಮೈಯಲ್ಲಿ ಸಡಿಲವಾದದ್ದೆಲ್ಲ ಆ ಕಟ್ಟಿನಿಂದಲೇ ಜಾಗಕ್ಕೆ ಬರುವುದು ಎಂದು ನಂಬಿಕೆ. ನನಗೆ ಬಾಣಂತನದಲ್ಲಿ ಆ ಕಟ್ಟು ನಾಲ್ಕು ದಿನವೂ ನಿಂತಿರಲಿಲ್ಲ. ಎಡವಟ್ಟಾದದ್ದೇ ಅಲ್ಲಿ, ಈಗ ಸರಿಮಾಡಿಕೊಳ್ಳೋಣ ಅನ್ನಿಸಿತು. ಟ್ರಂಕಿನಿಂದ ಅವ್ವನ ಹಳೇ ಸೀರೆ ತೆಗೆದು, ಒಂದು ತುದಿಯನ್ನು ಕಿಟಕಿ ಸರಳಿಗೆ ಕಟ್ಟಿ, ನಾನೇ ಗಿರಗಿರ ಸುತ್ತಿಕೊಂಡು ಬಿಗಿದೆ. ಮೇಲೆ ಸೀರೆ ಉಟ್ಟರೆ ಯಾರಿಗೂ ಕಾಣದು.

ಆ ಕಟ್ಟಿನ ಮೇಲೆ ಬೆಳಗಿನಿಂದ ಸಂಜೆವರೆಗೆ ವ್ಯಾಯಾಮ. ಮುದ್ದೆ ತಿರುವುವಾಗ, ಸೊಪ್ಪು ಕಟ್ಟುವಾಗ, ಬ್ಯಾರನ್ನಿಗೆ ಕಡ್ಡಿ ಎತ್ತಿಕೊಡುವಾಗ, ಉಸಿರು ಬಿಗಿಹಿಡಿದು, ಮುಖ ಕೆಂಪಗೆ ಮಾಡಿಕೊಂಡು. ಎದುರಿಗೆ ವಾರಗಿತ್ತಿ ಕಡ್ಡಿ ಎತ್ತಿಕೊಡುತ್ತಿದ್ದಳು. ಅವಳು ಎತ್ತಿದಷ್ಟೂ ನಾನು ಎತ್ತಿದೆ. ಅವಳು ನನ್ನ ಮುಖ ನೋಡಿ, "ಯಾಕಕ್ಕ, ಹಲ್ನೋವಾ?" ಅಂದಳು.

"ಏನಿಲ್ಲ, ನಿನ್ ಕೆಲ್ಸ ನೋಡು" ಅಂದೆ.

ಶ್ರಾವಣ ಬರುವಷ್ಟರಲ್ಲಿ ಕೆಳಗೆ ಏನೋ ಜಗ್ಗಿದ ಹಾಗೆ, ಏನೋ ಇಳಿದ ಹಾಗೆ ಭಾರ. ಮೊದಲು ಸೀನಿದರೆ ಮಾತ್ರ ಜಾರುತ್ತಿದ್ದದ್ದು ಈಗ ಮೆಟ್ಟಿಲು ಇಳಿದರೂ ಜಾರತೊಡಗಿತು. ಒಂದು ದಿನ ಹಿತ್ತಿಲಲ್ಲಿ ಕೂತು ಅತ್ತುಬಿಟ್ಟೆ. ಗೋಡೆಯಾಚೆ ವಾರಗಿತ್ತಿ ಸೀನಿದಳು. ಆ ಕ್ಷಣ ಅವಳನ್ನು ನಾನು ಎಷ್ಟು ಶಪಿಸಿದೆನೋ ನನಗೇ ಗೊತ್ತು.

ಹುಣಸೂರಿಗೆ ವಾಪಸ್ ಹೋದೆ. ಹುಡುಗಿ ಬೈಯಲಿಲ್ಲ, ಮೊದಲು ಡಾಕ್ಟರಮ್ಮನ ಹತ್ತಿರ ಮತ್ತೊಮ್ಮೆ ಪರೀಕ್ಷೆ ಮಾಡಿಸಿದಳು. ಜಾರಿರಲಿಲ್ಲ, ಅತಿಯಾಗಿ ದಣಿದಿತ್ತು ಅಷ್ಟೇ. ಆಮೇಲೆ ಮಲಗಿಸಿ, "ಮನೆಯಲ್ಲಿ ಮಾಡಿದ ಹಾಗೇ ಮಾಡಿ ತೋರಿಸಿ" ಅಂದಳು. ಹೊಟ್ಟೆಯ ಮೇಲೆ ಕೈಯಿಟ್ಟವಳಿಗೆ ಕಟ್ಟು ಸಿಕ್ಕಿತು. ಬಿಚ್ಚಿದಳು, ಬಿಚ್ಚಿದಳು, ಅವ್ವನ ಸೀರೆ ಮುಗಿಯಲೇ ಇಲ್ಲ. ಅವಳಿಗೆ ನಗು ಬಂತು, ತಡೆದುಕೊಂಡಳು. ಅಷ್ಟು ಸಲೀಸಾಗಿ ತಡೆದುಕೊಂಡದ್ದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

"ಅಮ್ಮ, ರಾಗಿ ಚೀಲದ ತಳ ಹರಿದಿದೆ ಅಂತ ಇಟ್ಟುಕೊಳ್ಳಿ. ನಡುವೆ ಹಗ್ಗ ಹಾಕಿ ಹಿಂಡಿದರೆ ರಾಗಿ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದಳು.

ಕೆಳಕ್ಕೆ. ಗೊತ್ತಿರುವ ಉತ್ತರವೇ. ಹೊಟ್ಟೆಯನ್ನು ಬಿಗಿದು, ಉಸಿರು ಕಟ್ಟಿ, ಮೇಲಿಂದ ಭಾರವನ್ನೆಲ್ಲ ಆ ಬಡಪಾಯಿ ನವಾರಿನ ಮೇಲೆ ಹೇರಿದ್ದೆ. ಅದನ್ನು ಮೇಲಕ್ಕೆ ಎಳೆಯುವ ಬದಲು ಕೆಳಕ್ಕೆ ತಳ್ಳುತ್ತಿದ್ದೆನಂತೆ. ಕೆಲವು ದಿನ ಪೂರ್ತಿ ಬಿಡುವು ಕೊಡಿಸಿ, ಆಮೇಲೆ ಮೊದಲಿನಿಂದ ಹೇಳಿಕೊಟ್ಟಳು. ಸದ್ಯಕ್ಕೆ ಕಡ್ಡಿ ಎತ್ತುವುದು ಬೇಡ, ಕೂತು ಕಟ್ಟುವ ಕೆಲಸ ಮಾಡಿ ಅಂದಳು. ಆ ದಿನ ಅವಳು ಹೇಳಿದ ಇನ್ನೊಂದು ಮಾತು ನನ್ನೊಳಗೆ ನಾಟಿತು. "ಮೊದಲು ಬಿಗಿ, ಆಮೇಲೆ ಸೀನು. ಮೊದಲು ಬಿಗಿ, ಉಸಿರು ಬಿಡುತ್ತಾ ಆಮೇಲೆ ಎತ್ತು."

ಮಗು ಕಾಲ ಮೇಲೆ ಇಟ್ಟುಕೊಂಡು ನೀರು ಹುಯ್ಯಬಹುದೇ ಎಂದು ಕೇಳಿದೆ. ಅವಳು ಯೋಚಿಸಿ, "ಹುಯ್ಯಬಹುದು. ಆದರೆ ಮಗುವನ್ನು ಎತ್ತಿಕೊಂಡು ನೆಲದಿಂದ ಏಳಬಾರದು. ಒದ್ದೆ ನೆಲ ಬೇರೆ. ಮಗುವನ್ನು ಮೊದಲು ಬೇರೆಯವರ ಕೈಗೆ ಕೊಡಿ. ಆಮೇಲೆ ಗೋಡೆ ಹಿಡಿದು ಏಳಿ" ಅಂದಳು. ಬೇರೆಯವರು ಯಾರು ಅನ್ನುವುದು ನನಗೆ ಆ ಕೂಡಲೇ ಹೊಳೆಯಿತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಕೊರೆಯುತ್ತಿತ್ತು.

ಮಗಳು ಏಳು ತಿಂಗಳಿಗೆ ಮನೆಗೆ ಬಂದಳು. ಮಧ್ಯಾಹ್ನ ಗಂಡಸರು ಹೊಲಕ್ಕೆ ಹೋದ ಮೇಲೆ ಚಾಪೆ ಹಾಕಿ ನಾನು ಮೊಣಕಾಲು ಮಡಚಿ ಮಲಗುತ್ತಿದ್ದೆ. ಅವಳು ಬಂದು ಪಕ್ಕದಲ್ಲಿ ಎಡ ಮಗ್ಗುಲಾಗಿ ಮಲಗುವಳು. ಅವಳಿಗೂ ಆಸ್ಪತ್ರೆಯಲ್ಲಿ ಇದನ್ನೇ ಹೇಳಿಕೊಟ್ಟಿದ್ದರು. ನಾನು ಸೂರು ನೋಡುತ್ತಾ, ಅವಳು ಗೋಡೆ ನೋಡುತ್ತಾ ಬಿಗಿಯುವುದು, ಬಿಡುವುದು. ಹೊರಗಿನವರು ಕಂಡರೆ ಸೋಮಾರಿಗಳು ಬಿದ್ದುಕೊಂಡಿವೆ ಅನ್ನಬೇಕು. ಆ ಚಾಪೆಯ ಮೇಲೆಯೇ ನಾನು ಅವಳಿಗೆ ಎಲ್ಲವನ್ನೂ ಹೇಳಿದ್ದು. ಅವಳು, "ಮೊದ್ಲೇ ಹೇಳಬಾರದಾಗಿತ್ತಾ ಅಮ್ಮ" ಅಂದಳು.

"ಹೇಳಿದ್ರೆ ನಿಮ್ ಚಿಕ್ಕಮ್ಮಂಗೆ ಹೇಳಬುಡ್ತಿದ್ದೆ" ಅಂದೆ.

"ಹೇಳ್ತಿರಲಿಲ್ಲ."

"ನೀರುಯ್ಯೋದು ನಾನೇ."

"ಆಗುತ್ತೇನಮ್ಮ ನಿಂಗೆ?"

ನಾನು ಬಿಗಿದು, ಎಣಿಸಿ, ಬಿಟ್ಟೆ. ಅವಳು ಚಿಕ್ಕಮ್ಮನಿಗೆ ಬೇಡ ಅಂತಲೂ ಹೇಳಲಿಲ್ಲ, ಆಯ್ತು ಅಂತ ನನಗೂ ಹೇಳಲಿಲ್ಲ.

ಆ ವರ್ಷದ ಗ್ರೇಡಿಂಗ್ ಶುರುವಾದ ದಿನ ನಾನು ಸೊಪ್ಪಿನ ಕೋಣೆಗೆ ಹೋದರೆ ಹಿಂದಿನ ಬಾಗಿಲ ಪಕ್ಕದಲ್ಲಿ ವಾರಗಿತ್ತಿ ಕೂತಿದ್ದಾಳೆ. ವರ್ಷಾನುಗಟ್ಟಲೆ ನಾನು ಕೂತು ನೆಲ ನುಣುಪಾದ ಜಾಗ.

"ಅದು ನನ್ ಜಾಗ ಕಣಮ್ಮಿ, ಏಳು" ಅಂದೆ.

"ಇಲ್ಲಿ ವಸಿ ಗಾಳಿ ಬತ್ತದೆ ಕಣಕ್ಕ. ಈ ವರ್ಷ ನಾನಿಲ್ಲೇ ಕೂತ್ಕತ್ತೀನಿ, ಬುಡು" ಎಂದು ತಲೆ ಎತ್ತದೆ ಸೊಪ್ಪು ಬಿಡಿಸಿದಳು.

ಮುಯ್ಯಾಳುಗಳ ಮುಂದೆ ಜಾಗಕ್ಕೆ ಜಗಳ ಆಡುವುದು ಹೇಗೆ? ಯಾಕೆ ಬೇಕು ಎಂದು ಕೇಳಿದರೆ ಏನು ಹೇಳುವುದು? ನುಂಗಿಕೊಂಡು ಒಳಗೋಡೆಯ ಮೂಲೆಗೆ ಹೋಗಿ ಕೂತೆ. ಅವಳು ಬೇಕೆಂದೇ ಮಾಡಿದ್ದು ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅಲ್ಲದೆ ಅವಳು ಗಳಿಗೆಗೊಮ್ಮೆ ಎದ್ದು ಹೋಗುವಳು. ನನ್ನ ಮಗಳು ಹಿಂದಿನ ಪಡಸಾಲೆಯಲ್ಲೇ ಇರುತ್ತಿದ್ದುದು. ಬಸುರಿ ಹುಡುಗಿಯನ್ನು ಮಾತಿನಲ್ಲಿ ಒಲಿಸಿಕೊಳ್ಳಲು ಹೋಗುತ್ತಿದ್ದಾಳೆ, ನೀರು ಹುಯ್ಯುವುದನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದಾಳೆ ಎಂದು ಕುದಿದುಹೋದೆ. ಆ ಉರಿಯಲ್ಲಿ ಸೊಪ್ಪಿನ ಬಣ್ಣವೇ ಕಾಣದೆ ಒಳ್ಳೆಯದನ್ನೂ ಕಳಪೆಯನ್ನೂ ಒಂದೇ ಗುಡ್ಡೆಗೆ ಹಾಕಿದ್ದೆ.

ಆದರೆ ಆ ಮೂಲೆಯಿಂದ ಓಡಿಹೋಗಲು ದಾರಿಯಿರಲಿಲ್ಲ. ಎರಡೂ ಕಡೆ ಹೆಂಗಸರು, ಎದುರಿಗೆ ಸೊಪ್ಪಿನ ರಾಶಿ. ಮೂಗು ತುರಿಸಿತು. ಹಳೇ ಅಭ್ಯಾಸದಂತೆ ತೊಡೆ ಒತ್ತಲು ಹೋದವಳು ನೆನಪು ಮಾಡಿಕೊಂಡೆ. ಮೊದಲು ಬಿಗಿ. ಒಳಕ್ಕೆ, ಮೇಲಕ್ಕೆ. ಆಮೇಲೆ ಸೀನಿದೆ. ಏನೂ ಆಗಲಿಲ್ಲ. ಕೂತಲ್ಲೇ ಮೈಯೆಲ್ಲ ಕಿವಿಯಾಗಿ ಕಾದೆ. ಒಣಗೇ ಇತ್ತು. ಪಕ್ಕದವಳು, "ಯಾಕಕ್ಕ ಕಣ್ಣಲ್ಲಿ ನೀರು?" ಅಂದಳು. ಘಾಟು ಅಂದೆ. ಎಲ್ಲ ಸಲವೂ ಹಾಗೇ ಆಯಿತೆಂದಲ್ಲ. ಆಮೇಲೂ ಎಷ್ಟೋ ಸಲ ಕೈಕೊಟ್ಟಿತು. ಆದರೆ ಒಮ್ಮೆ ಆದದ್ದು ಇನ್ನೊಮ್ಮೆ ಆಗಬಹುದೆಂಬ ಧೈರ್ಯ ಬಂತು. ನೀರೂ ಕುಡಿಯತೊಡಗಿದೆ. ದೀಪಾವಳಿಗೆ ನಮ್ಮ ಮನೆ ದೀಪ ನಾನೇ ಹಚ್ಚಿದೆ. ವಾರಗಿತ್ತಿ ಬಾಗಿಲವರೆಗೆ ಬಂದವಳು, "ಓ, ಆಗ್ಲೇ ಅಚ್ಬುಟ್ಯಾ" ಎಂದು ಹಿಂದಿರುಗಿದಳು. ಅವತ್ತಿನ ಹೋಳಿಗೆ ಬಹಳ ರುಚಿಯಾಗಿತ್ತು.

ಹಬ್ಬ ಕಳೆದು ಮಗಳಿಗೆ ಹುಣಸೂರಿನಲ್ಲಿ ಹೆರಿಗೆಯಾಯಿತು. ಹೆಣ್ಣುಮಗು. ಹೊಕ್ಕುಳು ಬಿದ್ದ ಮೇಲೆ ನೀರು ಹುಯ್ಯಿರಿ ಎಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು. ಆ ದಿನ ಬಂತು. ಬೆಳಗ್ಗೆ ಹಂಡೆಗೆ ಉರಿ ಹಾಕಿ, ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಚ್ಚಲಿಗೆ ಬಂದರೆ ಮಣೆ ಆಗಲೇ ಹಾಕಿದೆ. ಮಣೆಯ ಮೇಲೆ ವಾರಗಿತ್ತಿ, ಸೀರೆ ಮೇಲಕ್ಕೆ ಸಿಕ್ಕಿಸಿ, ಕಾಲು ಚಾಚಿ ಕೂತಿದ್ದಾಳೆ.

"ಏಳು" ಅಂದೆ.

"ನಿಂಗಾಗಲ್ಲ ಬುಡಕ್ಕ. ಸೊಂಟನೋವು ಅಂತಿದ್ದೆ. ಕೂಸ್ನ ಇಲ್ಲಿ ಕೊಡ್ಸು."

"ನನ್ ಮೊಮ್ಮಗು ಕಣಮ್ಮಿ ಅದು. ಏಳು ಅಂದ್ನಲ್ಲ."

ಇಬ್ಬರ ದನಿಯೂ ಏರಿತ್ತು. ಮಗು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಮಗಳು ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದಳು. "ಅಮ್ಮ ಉಯ್ಲಿ ಬುಡು ಚಿಕ್ಕಮ್ಮ" ಅಂದಳು ಮಗಳು. "ಅಮ್ಮಂಗಾಗುತ್ತೆ."

ವಾರಗಿತ್ತಿ ಗೋಡೆಗೆ ಕೈಕೊಟ್ಟು ಎದ್ದು, ಸೀರೆ ಇಳಿಬಿಟ್ಟುಕೊಂಡಳು. "ಉಯ್ಯಕ್ಕ. ನಂಗಾದ್ರೆ ಮೂರೂ ಗಂಡೇ ಆದೊ. ನಾಳೆ ಸೊಸೇರು ಬಂದ್ರೂ ಅವರವ್ವನ ಮನೆಗೇ ಓಯ್ತರೆ. ನಾನಿನ್ಯಾವ ಕೂಸಿಗೆ ನೀರುಯ್ಯನೆ, ಅದುಕ್ಕೇ ಕೇಳ್ದೆ" ಎಂದು ಮಗ್ಗುಲಿಗೆ ಸರಿದು ನಿಂತಳು. ಪಾಪ ಅನ್ನಿಸಿದ್ದು ನಿಜ. ಆದರೂ ಮಣೆ ಬಿಟ್ಟುಕೊಡುವಷ್ಟು ಅಲ್ಲ. ಕೂತೆ, ಕಾಲು ಚಾಚಿದೆ, ಮಗು ಕಾಲ ಮೇಲೆ ಬಂತು.

ಏನು ಹೇಳಲಿ ಅದರ ಮೈಯ ಮೆದುವನ್ನು. ಎಣ್ಣೆ ಹಚ್ಚಿ ನೀವಿದೆ, ಅಂಗೈಯಲ್ಲಿ ಹಣೆಗೆ ಅಡ್ಡ ಹಿಡಿದು ನೀರು ಹುಯ್ದೆ. ಮಗು ಊರು ಹಾರಿಹೋಗುವ ಹಾಗೆ ಅತ್ತಿತು, ನನ್ನ ಮೇಲೆಯೇ ಉಚ್ಚೆಯನ್ನೂ ಹುಯ್ದಿತು. ಮಗಳು ನಕ್ಕಳು, ನಾನೂ ನಕ್ಕೆ. ಜೋರಾಗಿ ನಕ್ಕೆ, ನಗುವ ಮೊದಲು ಬಿಗಿಯುವುದನ್ನು ಮರೆಯಲಿಲ್ಲ.

ಮುಗಿದ ಮೇಲೆ ಏಳಬೇಕು. ಆ ಕೇರಳದ ಹುಡುಗಿಯ ಮಾತು ಮುರಿಯುವ ಹಾಗಿಲ್ಲ. ಮಗಳು ಹಸಿ ಬಾಣಂತಿ, ಬಗ್ಗಿ ಎತ್ತಿಕೊಳ್ಳುವಂತಿಲ್ಲ. ಬಿಳಿ ಪಂಚೆ ಹಿಡಿದು ಸಿದ್ಧವಾಗಿ ನಿಂತಿದ್ದವಳು ವಾರಗಿತ್ತಿಯೊಬ್ಬಳೇ. "ಇಡ್ಕೊ" ಎಂದು ಮಗುವನ್ನು ಅವಳ ಕೈಗೆ ಕೊಟ್ಟೆ. ನಾನು ಗೋಡೆ ಹಿಡಿದು, ಬಿಗಿದು, ಉಸಿರು ಬಿಡುತ್ತಾ ಮೆಲ್ಲಗೆ ಎದ್ದೆ. ಜಾರಲಿಲ್ಲ, ಕಾಲೂ ಜಾರಲಿಲ್ಲ.

ಅದೇ ಹೊತ್ತಿಗೆ ಸೊಪ್ಪಿನ ಕೋಣೆಯಿಂದ ಗಂಡಸರು ಹೊಗೆಸೊಪ್ಪು ಒತ್ತಿ ಕಟ್ಟಿದ ಬೇಲನ್ನು ಪಡಸಾಲೆ ಮೂಲಕ ಎಳೆದುಕೊಂಡು ಬಂದರು. ಧೂಳೆದ್ದಿತು. "ಇಲ್ಲಿ ಕೂಸದೆ, ಆ ಕಡೆಯಿಂದ ತಗಂಡೋಗ್ರಲಾ" ಎಂದು ಕೂಗಿ ನಾನು ಬಚ್ಚಲ ಬಾಗಿಲು ನೂಕಿದೆ. ಅಷ್ಟರಲ್ಲಿ ಘಾಟು ಮೂಗಿಗೆ ಏರಿತ್ತು. ಬಿಗಿದು ಸೀನಿದೆ. ಒಣಗೇ ಇದ್ದೆ. ನನ್ನ ಹಿಂದೆಯೇ ಅವಳಿಗೂ ಸೀನು ಬಂತು.

ಬೀದಿ ನಾಯಿ ಎಬ್ಬಿಸುವ ಸೀನಲ್ಲ. ಮಗುವನ್ನು ಎದೆಗೆ ಒತ್ತಿಕೊಂಡು, ತೊಡೆ ಎರಡನ್ನೂ ಬಿಗಿಯಾಗಿ ಸೇರಿಸಿ, ಮುಂದಕ್ಕೆ ಬಗ್ಗಿ, ಅರ್ಧ ನುಂಗಿದ ಪುಟ್ಟ ಸೀನು. ಆಮೇಲೆ ಕಣ್ಣು ಮುಚ್ಚಿ ಒಂದು ಗಳಿಗೆ ಅಲುಗಾಡದೆ ನಿಂತಳು. ಆ ನಿಲುವು ನನಗೆ ಗೊತ್ತು. ಮಗಳ ವಯಸ್ಸಿನಷ್ಟು ಕಾಲ ನಾನು ಹಾಗೇ ನಿಂತಿದ್ದೆ. ಗ್ರೇಡಿಂಗಿನಲ್ಲಿ ಬಾಗಿಲ ಪಕ್ಕದ ಜಾಗ ಅವಳಿಗೆ ಯಾಕೆ ಬೇಕಾಯಿತು, ಗಳಿಗೆಗೊಮ್ಮೆ ಯಾಕೆ ಎದ್ದು ಹೋದಳು ಎಲ್ಲವೂ ಒಟ್ಟಿಗೆ ತಿಳಿಯಿತು. ಕಣ್ಣು ಬಿಟ್ಟು, ನಾನು ನೋಡಿದೆನೇನೋ ಎಂದು ಅವಳು ನನ್ನ ಮುಖ ನೋಡಿದಳು. ನಾನು ಸೋಪು ಎತ್ತಿಡುವವಳಂತೆ ಬಗ್ಗಿದೆ.

ಮೊದಲು ಬಿಗಿ, ಆಮೇಲೆ ಸೀನು ಕಣಮ್ಮಿ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ಹುಣಸೂರಿಗೆ ಜೊತೆಯಲ್ಲಿ ಹೋಗಿಬರೋಣ ಅನ್ನುವುದೂ ಬಂದಿತ್ತು. ಅಷ್ಟರಲ್ಲಿ ನನ್ನ ಕಾಲ ಮೇಲೆ ಅಷ್ಟೆಲ್ಲ ಅತ್ತಿದ್ದ ಮಗು ಅವಳ ಕುತ್ತಿಗೆಗೆ ಮೂಗು ಉಜ್ಜಿ, ಅಳು ನಿಲ್ಲಿಸಿ, ಕಣ್ಣು ಮುಚ್ಚಿತು. ಅವಳು ಅದರ ಒದ್ದೆ ತಲೆಯನ್ನು ಮೂಸಿದಳು.

ನಾಳೆ ನೀರು ಹುಯ್ಯುವಾಗ ಹೇಳಿದರಾಯಿತು ಎಂದುಕೊಂಡು ಕೈ ಚಾಚಿದೆ. "ತಾ ಇಲ್ಲಿ, ನನ್ ಮೊಮ್ಮಗಳ್ನ" ಅಂದೆ.